ಯಕೃತ್ತಿನ ವ್ಯಾಧಿಯೂ ಆಕರಕೋಶಗಳ ಪರೀಕ್ಷೆಯೂ

ವಾಚಕರೇ, ನಮ್ಮ ದೇಹದ ಅವಯವಗಳಲ್ಲಿ ಯಕೃತ್ತಿಗೆ ಒಂದು ವಿಶೇಷ ಗುಣವಿದೆ. ಅದರ ಒಂದು ಭಾಗವನ್ನು ಕತ್ತರಿಸಿ ತೆಗೆದರೆ ಉಳಿದ ಭಾಗವು ಬೆಳೆದು ಮೊದಲಿನ ಗಾತ್ರಕ್ಕೆ ಬರುತ್ತದೆ. ಮೂರರಲ್ಲಿ ಎರಡು ಪಾಲು ಯಕೃತ್ತನ್ನು ಕಳೆದುಕೊಂಡ ಇಲಿಗಳಲ್ಲಿ ಹೀಗಾಗುವುದನ್ನು ಹಿಗಿನ್ಸ್ ಮತ್ತು ಆಂಡರ್ಸನ್ ಎಂಬ ಅಮೆರಿಕದ ವಿದ್ವಾಂಸರು 1931ರಲ್ಲಿಯೇ ವಿವರಿಸಿದರು. ಆದರೆ ಮದ್ಯಪಾನದಿಂದಲೋ ಕಾಮಾಲೆಯ ವಿಷಾಣುಗಳಿಂದಲೋ ವರ್ಷಗಟ್ಟಲೆ ಪೆಟ್ಟು ತಿಂದ ಯಕೃತ್ತು ಈ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಗಾಯದ ಕಲೆಯಂತಹ ನಾರು ತುಂಬಿ ಅದು ಗಟ್ಟಿಯಾಗುತ್ತದೆ. ವೈದ್ಯರು ಸಿರೋಸಿಸ್ ಎನ್ನುವುದು ಇದನ್ನೇ. ಜಲೋದರ, ರಕ್ತವಾಂತಿ, ಬುದ್ಧಿಭ್ರಮಣೆ ಅದರ ಕೊನೆಯ ಹಂತದ ಲಕ್ಷಣಗಳು.

ಈ ಹಂತಕ್ಕೆ ಪರಿಹಾರವೆಂದರೆ ಬೇರೆಯವರ ಯಕೃತ್ತನ್ನು ಜೋಡಿಸುವುದು. 1963ರಲ್ಲಿ ಥಾಮಸ್ ಸ್ಟಾರ್ಜ್ಲ್ ಅವರು ಡೆನ್ವರ್ ನಗರದಲ್ಲಿ ಇದನ್ನು ಮೊದಲು ಪ್ರಯತ್ನಿಸಿದರು. 1967ರಲ್ಲಿ ಯಶಸ್ಸು ಕಂಡರು. ಆದರೆ ದಾನಿಗಳು ಎಂದಿಗೂ ಸಾಲದು. ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಲೇ ಎಷ್ಟೋ ಮಂದಿ ತೀರಿಕೊಳ್ಳುತ್ತಾರೆ.

ಇಂತಹವರಿಗೆ ಹೊಸ ಆಸೆ ಹುಟ್ಟಿದ್ದು ಅಸ್ಥಿಮಜ್ಜೆಯಿಂದ. ಮಜ್ಜೆಯ ಕೆಲವು ಕೋಶಗಳಿಂದ ಹಲವು ಬಗೆಯ ರಕ್ತಕಣಗಳು ಹುಟ್ಟುವುದನ್ನು ಟಿಲ್ ಮತ್ತು ಮೆಕಲಕ್ ಎಂಬ ಕೆನಡಾದ ಸಂಶೋಧಕರು 1961ರಲ್ಲಿ ತೋರಿಸಿದ್ದರು. ಸ್ಟೆಮ್ ಸೆಲ್, ಅಂದರೆ ಆಕರಕೋಶ, ಎನ್ನುವುದು ಇವುಗಳನ್ನೇ. ಅವು ಯಕೃತ್ತಿನ ಕೋಶಗಳೂ ಆಗಬಲ್ಲವೆಂದು 1999ರಲ್ಲಿ ಪಿಟ್ಸ್‌ಬರ್ಗ್‌ನ ಸಂಶೋಧಕರು ಇಲಿಗಳ ಪ್ರಯೋಗದಿಂದ ಸೂಚಿಸಿದರು. 2003ರಲ್ಲಿ ಬೇರೆಯವರು ಪರಿಶೀಲಿಸಿದಾಗ ಮಜ್ಜೆಯ ಕೋಶಗಳು ಬಹುಮಟ್ಟಿಗೆ ಯಕೃತ್ತಿನ ಕೋಶಗಳೊಡನೆ ಬೆಸೆದುಕೊಂಡಿದ್ದುವೇ ಹೊರತು ತಾವೇ ರೂಪಾಂತರ ಹೊಂದಿರಲಿಲ್ಲವೆಂದು ತಿಳಿದುಬಂತು. ಅಷ್ಟರಲ್ಲಿ ಆಸೆ ಬಹುದೂರ ಸಾಗಿತ್ತು.

2006ರಲ್ಲಿ ಜಪಾನಿನ ಯಾಮಾಗುಚಿಯ ವೈದ್ಯರು ಒಂಬತ್ತು ಮಂದಿ ರೋಗಿಗಳ ಅಸ್ಥಿಮಜ್ಜೆಯನ್ನು ತೆಗೆದು, ಶೋಧಿಸಿ, ಅವರ ರಕ್ತನಾಳಕ್ಕೇ ಹರಿಸಿದರು. ಆರು ತಿಂಗಳಲ್ಲಿ ಸುಧಾರಣೆ ಕಂಡಿತು. ಆದರೆ, ವಾಚಕರೇ, ಇಲ್ಲೊಂದು ಪ್ರಶ್ನೆಯನ್ನು ಕೇಳಲೇಬೇಕು: ಮಜ್ಜೆಯನ್ನು ಕೊಡದಿದ್ದರೆ ಅವರ ಗತಿ ಏನಾಗುತ್ತಿತ್ತು? ಕುಡಿತ ಬಿಟ್ಟವನ ಯಕೃತ್ತು ತಾನಾಗಿಯೇ ಎಷ್ಟೋ ಚೇತರಿಸಿಕೊಳ್ಳುತ್ತದೆ. ಪ್ರಯೋಗಕ್ಕೆ ಸೇರಿದವನಿಗೆ ಆರೈಕೆಯೂ ಹೆಚ್ಚು. ಹೋಲಿಸಿ ನೋಡಲು ಎರಡನೆಯ ಗುಂಪೇ ಇಲ್ಲದಿದ್ದಾಗ ಗುಣ ಯಾವುದರಿಂದ ಬಂತೆಂದು ಹೇಳುವ ಬಗೆಯೆಂತು?

ಆ ಹೋಲಿಕೆಯನ್ನು ಮಾಡಿದ್ದು ಬ್ರಿಟನ್ನಿನ ‘ರಿಯಲಿಸ್ಟಿಕ್’ ಎಂಬ ಪರೀಕ್ಷೆ. 2010ರಿಂದ 2015ರವರೆಗೆ 81 ರೋಗಿಗಳು ಅದಕ್ಕೆ ಸೇರಿದರು. ಯಾರು ಯಾವ ಗುಂಪಿಗೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ವೈದ್ಯರ ಇಷ್ಟಕ್ಕೆ ಅಲ್ಲಿ ಎಡೆಯಿರಲಿಲ್ಲ. 27 ಮಂದಿಗೆ ರೂಢಿಯ ಚಿಕಿತ್ಸೆ ಮಾತ್ರ. 26 ಮಂದಿಗೆ ಆಕರಕೋಶಗಳನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸುವ ಔಷಧದ ಚುಚ್ಚುಮದ್ದು. ಉಳಿದ 28 ಮಂದಿಗೆ ಆ ಚುಚ್ಚುಮದ್ದಿನ ಜೊತೆಗೆ ಅವರದೇ ರಕ್ತದಿಂದ ಬೇರ್ಪಡಿಸಿದ ಆಕರಕೋಶಗಳನ್ನು ಮೂರು ಬಾರಿ ಹರಿಸಲಾಯಿತು. ತೊಂಬತ್ತು ದಿನಗಳ ತರುವಾಯ ಯಕೃತ್ತಿನ ಸ್ಥಿತಿಯನ್ನು ಅಳೆದಾಗ ಮೂರು ಗುಂಪುಗಳಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಅಷ್ಟೇ ಅಲ್ಲ, ಆಕರಕೋಶ ಪಡೆದ 28 ಮಂದಿಯಲ್ಲಿ 12 ಮಂದಿಗೆ ಗಂಭೀರ ತೊಂದರೆಗಳು ಉಂಟಾದವು; ಮಿಕ್ಕ ಎರಡು ಗುಂಪುಗಳಲ್ಲಿ ಮೂವರಿಗೆ ಮಾತ್ರ ತಲಾ ಹಾಗಾಯಿತು. ಫಿಲಿಪ್ ನ್ಯೂಸಮ್ ಮತ್ತು ಸಂಗಡಿಗರು ಈ ಫಲವನ್ನು 2018ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ತಾವು ವರ್ಷಗಟ್ಟಲೆ ನೆಚ್ಚಿದ್ದ ಚಿಕಿತ್ಸೆ ಫಲಿಸಲಿಲ್ಲವೆಂದು ಹೇಳುವುದು ಸುಲಭದ ಮಾತಲ್ಲ.

ಇದು ನಮಗೆ ದೂರದ ಸಂಗತಿಯೆಂದು ಭಾವಿಸಬೇಡಿ. ಮನೆ ಮಾರಿಯಾದರೂ ಆಕರಕೋಶ ಹಾಕಿಸುತ್ತೇವೆನ್ನುವ ಕುಟುಂಬಗಳು ನಮ್ಮಲ್ಲಿಯೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯು, ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂತಹವನ್ನು ಬಿಟ್ಟು, ಅನುಮತಿ ಪಡೆದ ಪರೀಕ್ಷೆಯ ಹೊರಗೆ ಆಕರಕೋಶ ಚಿಕಿತ್ಸೆ ನೀಡಬಾರದೆಂದು ಹೇಳಿದೆ. ನಿಜವಾದ ಪರೀಕ್ಷೆಯಲ್ಲಿ ರೋಗಿಯಿಂದ ಚಿಕಿತ್ಸೆಯ ಹಣ ಕೇಳುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಅನ್ವೇಷಣೆ ಅಲ್ಲಿಗೇ ನಿಲ್ಲಲಿಲ್ಲ. ಎಡಿನ್‌ಬರೋದ ಸ್ಟುವರ್ಟ್ ಫೋರ್ಬ್ಸ್ ಅವರ ತಂಡವು ಆಕರಕೋಶಗಳನ್ನು ಬಿಟ್ಟು, ಗಾಯದ ನಾರನ್ನು ಕರಗಿಸಬಲ್ಲ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳ ಕಡೆಗೆ ತಿರುಗಿತು. 2019ರಲ್ಲಿ ಒಂಬತ್ತು ಮಂದಿಯಲ್ಲಿ ಅವು ನಿರಪಾಯಕಾರಿಯೆಂದು ಕಂಡುಬಂತು. ಆಮೇಲೆ 51 ಮಂದಿಯನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ತೊಂಬತ್ತು ದಿನಗಳ ಅಳತೆಯಲ್ಲಿ ಇಲ್ಲಿಯೂ ಸ್ಪಷ್ಟ ವ್ಯತ್ಯಾಸ ದೊರೆಯಲಿಲ್ಲ. ಆದರೆ ವರ್ಷದ ಉದ್ದಕ್ಕೂ ಗಮನಿಸಿದಾಗ ಕೋಶಗಳನ್ನು ಪಡೆದವರಲ್ಲಿ ಯಕೃತ್ತಿನ ಕಾರಣದಿಂದ ಒಬ್ಬರೂ ಸಾಯಲಿಲ್ಲ. ಸಂಖ್ಯೆ ಚಿಕ್ಕದು, ಇದನ್ನು ಇನ್ನೂ ದೊಡ್ಡ ಗುಂಪಿನಲ್ಲಿ ಒರೆಗೆ ಹಚ್ಚಬೇಕಾಗಿದೆ.