ಅಮೆರಿಕದ ಫ್ಲೈಯಿಂಗ್ ಸ್ಕೂಲ್ ಮತ್ತು ‘ಜಿಐ ಬಿಲ್’: ಸರ್ಕಾರದ ದುಡ್ಡು ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ?

ಪಿಯುಸಿ ಸೈನ್ಸ್ ಮುಗಿಸಿ ‘ಪೈಲಟ್ ಆಗ್ತೀನಿ’ ಅನ್ನೋ ಮಕ್ಕಳು ಈಗ ತಾಲ್ಲೂಕು ಮಟ್ಟದಲ್ಲೂ ಇದ್ದಾರೆ. ಮನೆಯವರು ವಿಚಾರಿಸಲು ಶುರು ಮಾಡಿದರೆ ಅಮೆರಿಕದ ಫ್ಲೈಯಿಂಗ್ ಸ್ಕೂಲ್‌ಗಳ ಜಾಹೀರಾತೂ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಹಲವು ಕಡೆ ‘ಜಿಐ ಬಿಲ್‌ಗೆ ಅನುಮೋದಿತ ಸಂಸ್ಥೆ’ ಎಂಬ ಸಾಲು ಇರುತ್ತದೆ. ಸರ್ಕಾರವೇ ಫೀಸ್ ಕಟ್ಟುತ್ತದೆ, ಹಾಗಾದರೆ ನಮಗೂ ಏನಾದರೂ ರಿಯಾಯಿತಿ ಸಿಗಬಹುದು ಎಂದುಕೊಳ್ಳುವುದು ಸಹಜ.

ಉತ್ತರ ನೇರವಾಗಿದೆ. ಈ ಹಣ ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿದವರಿಗೆ ಮತ್ತು ನಿಯಮದಂತೆ ಅವರು ವರ್ಗಾಯಿಸಿದ ಹೆಂಡತಿ, ಗಂಡ, ಮಕ್ಕಳಿಗೆ ಮಾತ್ರ. ಸ್ಟೂಡೆಂಟ್ ವೀಸಾದಲ್ಲಿ ಹೋಗುವ ನಮ್ಮ ಊರಿನ ಹುಡುಗ–ಹುಡುಗಿಯರಿಗೆ ಒಂದು ಡಾಲರ್ ಕೂಡ ಸಿಗಲ್ಲ. ಆದರೂ ಈ ಯೋಜನೆ ಹೇಗೆ ನಡೆಯುತ್ತೆ ಅಂತ ತಿಳಿದಿರುವುದು ಒಳ್ಳೆಯದು. ಪೈಲಟ್ ತರಬೇತಿಗೆ ದುಡ್ಡು ಕೊಡುವಾಗ ಅಲ್ಲಿನ ಸರ್ಕಾರ ಹಾಕುವ ಷರತ್ತುಗಳಲ್ಲಿ ಸಾಲ ಮಾಡಿ ಫೀಸ್ ಕಟ್ಟುವ ಪೋಷಕರಿಗೆ ಕಲಿಯುವಂಥದ್ದು ಇದೆ.

ಏನಿದು ಜಿಐ ಬಿಲ್?

ಅಮೆರಿಕದಲ್ಲಿ ಸೈನಿಕರನ್ನು ‘ಜಿಐ’ ಎಂದು ಕರೆಯುವ ರೂಢಿ ಇದೆ. ಎರಡನೇ ಮಹಾಯುದ್ಧ ಮುಗಿಸಿ ಬರುವ ಸೈನಿಕರಿಗೆ ಓದು, ಮನೆ ಸಾಲ, ಕೆಲಸ ಒದಗಿಸಲು 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಕಾನೂನಿಗೆ ಸಹಿ ಹಾಕಿದರು. ಜನರ ಬಾಯಲ್ಲಿ ಅದೇ ಜಿಐ ಬಿಲ್ ಆಯಿತು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 2009ರ ಆಗಸ್ಟ್ 1ರಿಂದ ಜಾರಿಯಾದ ‘ಪೋಸ್ಟ್ 9/11 ಜಿಐ ಬಿಲ್’. ಸಾಮಾನ್ಯವಾಗಿ 36 ತಿಂಗಳ ಓದಿಗೆ ಸಾಕಾಗುವಷ್ಟು ಸೌಲಭ್ಯ ಇದರಲ್ಲಿದೆ. 36 ತಿಂಗಳು ಸಕ್ರಿಯ ಸೇವೆ ಮಾಡಿದವರಿಗೆ ಪೂರ್ತಿ ಶೇ 100, ಕಡಿಮೆ ಸೇವೆಯವರಿಗೆ ಅದಕ್ಕೆ ತಕ್ಕ ಪಾಲು. ಹಣ ನೋಡಿಕೊಳ್ಳುವುದು ಮಾಜಿ ಸೈನಿಕರ ಇಲಾಖೆ. ಅಲ್ಲಿ ಅದನ್ನು ‘ವಿಎ’ ಅಂತಾರೆ.

ಇದಕ್ಕೆ ಪೌರತ್ವ ಮುಖ್ಯವಲ್ಲ, ಸೇವೆ ಮುಖ್ಯ. ಗ್ರೀನ್ ಕಾರ್ಡ್ ಇರುವವರೂ ಅಮೆರಿಕದ ಸೇನೆಗೆ ಸೇರಬಹುದು. ಹಾಗಾಗಿ ಅಲ್ಲೇ ನೆಲೆಸಿದ ಕನ್ನಡಿಗರ ಮಕ್ಕಳು ಸೇನೆಯಲ್ಲಿ ಕೆಲಸ ಮಾಡಿದ್ದರೆ ಅವರಿಗೂ ಈ ಹಕ್ಕು ಇದೆ. ಆರು ವರ್ಷ ಸೇವೆ ಮುಗಿಸಿ ಇನ್ನೂ ನಾಲ್ಕು ವರ್ಷ ಇರಲು ಒಪ್ಪಿದವರು ಸೌಲಭ್ಯವನ್ನು ಸಂಗಾತಿಗೆ ಅಥವಾ ಮಕ್ಕಳಿಗೆ ವರ್ಗಾಯಿಸಬಹುದು. ಅಮೆರಿಕದಲ್ಲಿರುವ ಅಳಿಯ ಸೇನೆಯಲ್ಲಿದ್ದರೆ ಮೊಮ್ಮಗಳ ಓದಿಗೆ ಅದು ಬರಬಹುದು. ಇಲ್ಲಿಂದ ಓದಲು ಹೋದ ಅಕ್ಕನ ಮಗನಿಗೆ ಬರಲ್ಲ.

ಪೈಲಟ್ ತರಬೇತಿಗೆ ಎರಡು ದಾರಿ

ಮೊದಲನೆಯದು ನೇರವಾಗಿ ಫ್ಲೈಯಿಂಗ್ ಸ್ಕೂಲ್. ಇಲ್ಲಿ ಷರತ್ತು ಬಿಗಿ. ಸ್ಕೂಲ್ ಅಮೆರಿಕದ ವಿಮಾನಯಾನ ನಿಯಮದ ‘ಪಾರ್ಟ್ 141’ ಅಡಿ ಇರಬೇಕು, ಅಂದರೆ ಪಾಠಕ್ರಮಕ್ಕೆ ಮೊದಲೇ ಸರ್ಕಾರದ ಒಪ್ಪಿಗೆ ಪಡೆದಿರಬೇಕು. ಅಭ್ಯರ್ಥಿಯ ಕೈಯಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಆಗಲೇ ಇರಬೇಕು. ತರಬೇತಿ ಶುರುವಾಗುವ ದಿನಕ್ಕೆ ಎರಡನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರವೂ ಬೇಕು. ಅಂದರೆ ಮೊದಲ ಹೆಜ್ಜೆಯ ಖರ್ಚು ಸೈನಿಕನ ಸ್ವಂತ ಜೇಬಿನಿಂದ. ಹಾರುವ ಆಸೆ ಗಟ್ಟಿ ಇದೆ, ಆರೋಗ್ಯ ಸರಿ ಇದೆ ಎಂದು ಸಾಬೀತಾದ ಮೇಲಷ್ಟೇ ಸರ್ಕಾರದ ಹಣ.

ಆ ಹಣಕ್ಕೂ ಮಿತಿ ಇದೆ. 2025–26ರ ಸಾಲಿಗೆ ವರ್ಷಕ್ಕೆ ಸುಮಾರು 17 ಸಾವಿರ ಡಾಲರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 15 ಲಕ್ಷ ರೂಪಾಯಿ. ಈ ಮಿತಿ ಪ್ರತಿ ಆಗಸ್ಟ್ 1ಕ್ಕೆ ಪರಿಷ್ಕರಣೆ ಆಗುತ್ತದೆ. ಈ ದಾರಿಯಲ್ಲಿ ಮನೆ ಬಾಡಿಗೆ ಭತ್ಯೆ ಇಲ್ಲ, ಪುಸ್ತಕದ ಹಣವೂ ಇಲ್ಲ. ಹಳೆಯ ‘ಮಾಂಟ್‌ಗೊಮರಿ ಜಿಐ ಬಿಲ್’ನಲ್ಲಿ ಇರುವವರಿಗೆ ಒಪ್ಪಿತ ಖರ್ಚಿನ ಶೇ 60 ಮಾತ್ರ ಸಿಗುತ್ತದೆ, ಉಳಿದದ್ದು ಅವರೇ ಹಾಕಬೇಕು.

ಎರಡನೆಯದು ಕಾಲೇಜು ದಾರಿ. ವಿಮಾನಯಾನದ ಡಿಗ್ರಿ ಕೋರ್ಸ್‌ಗೆ ಸೇರಿ, ಹಾರಾಟ ಆ ಡಿಗ್ರಿಯ ಕಡ್ಡಾಯ ಭಾಗವಾಗಿದ್ದರೆ ಲೆಕ್ಕವೇ ಬೇರೆ. ಪೂರ್ತಿ ಅರ್ಹತೆ ಇರುವವರಿಗೆ ಸರ್ಕಾರಿ ಕಾಲೇಜಿನಲ್ಲಿ ಆ ರಾಜ್ಯದವರಿಗೆ ಇರುವ ಫೀಸ್ ಪೂರ್ತಿ ಸಿಗುತ್ತದೆ. ಖಾಸಗಿ ಕಾಲೇಜಾದರೆ 2025–26ರಲ್ಲಿ ವರ್ಷಕ್ಕೆ 30 ಸಾವಿರ ಡಾಲರ್‌ಗೆ ಸ್ವಲ್ಪ ಕಡಿಮೆ. ಜೊತೆಗೆ ಕಾಲೇಜು ಇರುವ ಊರಿನ ಲೆಕ್ಕದಲ್ಲಿ ಬಾಡಿಗೆ ಭತ್ಯೆ, ಪುಸ್ತಕಕ್ಕೆ ವರ್ಷಕ್ಕೆ 1,000 ಡಾಲರ್‌ವರೆಗೆ. ಸಮಯ ಜಾಸ್ತಿ ಹಿಡಿಯುತ್ತೆ, ಆದರೆ ಮಾಜಿ ಸೈನಿಕನಿಗೆ ಹೊರೆ ಕಡಿಮೆ.

ಈ ಸಡಿಲಿಕೆಯನ್ನೇ ಕೆಲವರು ಸುಗ್ಗಿ ಮಾಡಿಕೊಂಡದ್ದೂ ಉಂಟು. ಸರ್ಕಾರಿ ಕಾಲೇಜುಗಳ ಜೊತೆ ಒಪ್ಪಂದ ಮಾಡಿಕೊಂಡ ಹೆಲಿಕಾಪ್ಟರ್ ತರಬೇತಿ ಕಂಪನಿಗಳ ಬಿಲ್ ಒಬ್ಬ ವಿದ್ಯಾರ್ಥಿಗೆ ಲಕ್ಷಾಂತರ ಡಾಲರ್ ಮುಟ್ಟಿದ್ದು 2015ರಲ್ಲಿ ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಇಂಥದ್ದನ್ನು ತಡೆಯಲೆಂದೇ ‘85–15’ ಎಂಬ ನಿಯಮವಿದೆ. ಒಂದು ಕೋರ್ಸ್‌ನಲ್ಲಿ ಇಂಥ ನೆರವಿನ ಮೇಲೆ ಓದುವವರು ಶೇ 85 ಮೀರಬಾರದು. ಕನಿಷ್ಠ ಶೇ 15 ಜನ ಬೇರೆ ಹಣದಿಂದ ಫೀಸ್ ಕಟ್ಟುತ್ತಿರಬೇಕು. ಅಂಗಡಿ ನಡೆಸುವವರಿಗೆ ಇದರ ಮರ್ಮ ತಕ್ಷಣ ಹೊಳೆಯುತ್ತದೆ: ಸ್ವಂತ ದುಡ್ಡು ಕೊಡುವ ಗಿರಾಕಿ ಒಪ್ಪದ ರೇಟನ್ನು ಸರ್ಕಾರದ ತಲೆಗೆ ಕಟ್ಟಬಾರದು.

‘ಅನುಮೋದಿತ’ ಅಂದರೆ ನಮಗೇನು?

ಆ ಸಾಲಿನ ಅರ್ಥ ಇಷ್ಟೇ: ಅಲ್ಲಿನ ರಾಜ್ಯದ ಅನುಮೋದನಾ ಸಂಸ್ಥೆ ಆ ಕೋರ್ಸ್ ಪರಿಶೀಲಿಸಿ, ಸೈನಿಕರ ಹಣ ಅಲ್ಲಿ ಖರ್ಚಾಗಬಹುದು ಎಂದು ಒಪ್ಪಿದೆ. ವಿದೇಶಿ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲು ಸ್ಕೂಲ್‌ಗೆ ಬೇರೆಯೇ ಅನುಮತಿ ಬೇಕು. ವಿದೇಶಿಯರು ಹಾರಾಟ ಕಲಿಯಲು ಅಲ್ಲಿನ ಸಾರಿಗೆ ಭದ್ರತಾ ಇಲಾಖೆಯ ತಪಾಸಣೆಯನ್ನೂ ದಾಟಬೇಕು. ಭಾರತದಲ್ಲಿ ಕೆಲಸ ಸಿಗುವ ಖಾತ್ರಿ ಆ ಸಾಲಿನಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ಕಡೆ ಎಡವಬಹುದು. ಪಾರ್ಟ್ 141 ಸ್ಕೂಲ್‌ನಲ್ಲಿ 190 ಗಂಟೆ ಹಾರಿದರೆ ಅಮೆರಿಕದ ವಾಣಿಜ್ಯ ಪೈಲಟ್ ಲೈಸೆನ್ಸ್ ಸಿಗುತ್ತದೆ. ಪಾರ್ಟ್ 61 ಎಂಬ ಇನ್ನೊಂದು ಬಗೆಯಲ್ಲಿ 250 ಗಂಟೆ ಬೇಕು. ನಮ್ಮ ಡಿಜಿಸಿಎ ಕೇಳುವುದು 200 ಗಂಟೆ. ಹಾಗಾಗಿ 190 ಗಂಟೆಯ ಪ್ಯಾಕೇಜ್ ಮುಗಿಸಿ ವಾಪಸ್ ಬಂದವರು ಉಳಿದ ಗಂಟೆಗೆ ಮತ್ತೆ ದುಡ್ಡು ಹೊಂದಿಸಬೇಕಾಗುತ್ತದೆ. ಅದರಲ್ಲೂ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿರಬೇಕು. ವಿದೇಶಿ ಲೈಸೆನ್ಸ್ ಇದ್ದರೂ ಇಲ್ಲಿನ ಪರೀಕ್ಷೆ, ಡಿಜಿಸಿಎ ವೈದ್ಯಕೀಯ ತಪಾಸಣೆ ತಪ್ಪಿದ್ದಲ್ಲ.

ನಮ್ಮ ಮಾಜಿ ಸೈನಿಕರ ಮಕ್ಕಳಿಗೆ?

ಇಲ್ಲಿ ಅಷ್ಟು ದೊಡ್ಡ ಮೊತ್ತದ ಯೋಜನೆ ಇಲ್ಲ. ಕೇಂದ್ರೀಯ ಸೈನಿಕ ಮಂಡಳಿ ಮೂಲಕ ಬರುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನದಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ ನಿಗದಿಯಾಗಿದೆ. ಅದು ಇಲ್ಲಿನ ವೃತ್ತಿಪರ ಡಿಗ್ರಿ ಕೋರ್ಸ್‌ಗಳಿಗೆ, ವಿದೇಶದ ಓದಿಗೆ ಅಲ್ಲ. ವಾಣಿಜ್ಯ ಪೈಲಟ್ ತರಬೇತಿಯ ಖರ್ಚು ಹತ್ತಾರು ಲಕ್ಷ. ಹಾಗಾಗಿ ಸೈನಿಕರ ಮನೆಯಲ್ಲೂ, ಉಳಿದವರ ಮನೆಯಲ್ಲೂ ಕೊನೆಗೆ ಉಳಿಯುವುದು ಬ್ಯಾಂಕ್ ಸಾಲ, ಇಲ್ಲವೇ ಜಮೀನು, ಒಡವೆ.

ಆ ಸರ್ಕಾರದ ಲೆಕ್ಕಾಚಾರ, ಮನೆಯ ಲೆಕ್ಕಾಚಾರ

ಸ್ವಂತ ಹಣ ಹಾಕುವವರು ಜಿಐ ಬಿಲ್‌ನ ನಾಲ್ಕು ಪದ್ಧತಿ ಅನುಸರಿಸಿದರೆ ನಷ್ಟ ಕಡಿಮೆ.

1. ಮೊದಲು ಮೆಡಿಕಲ್. ಫೀಸ್ ಕಟ್ಟುವ ಮುಂಚೆ ಡಿಜಿಸಿಎಯ ಎರಡನೇ ದರ್ಜೆ, ಆಮೇಲೆ ಒಂದನೇ ದರ್ಜೆಯ ತಪಾಸಣೆ ಮಾಡಿಸಬೇಕು. ಒಂದನೇ ದರ್ಜೆಯ ತಪಾಸಣೆ ನಡೆಯುವ ಕೇಂದ್ರಗಳಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಕೂಡ ಒಂದು. ಕಣ್ಣು, ಕಿವಿ, ಹೃದಯದ ತೊಂದರೆ ಅರ್ಧ ದಾರಿಯಲ್ಲಿ ಗೊತ್ತಾದರೆ ಕಟ್ಟಿದ ಹಣ ವಾಪಸ್ ಬರೋದು ಕಷ್ಟ.

2. ಹಾರಿದ ಮೇಲೆ ಹಣ. ಫ್ಲೈಯಿಂಗ್ ಸ್ಕೂಲ್ ದಾರಿಯಲ್ಲಿ ಹಾರಾಟದ ಗಂಟೆಗಳನ್ನು ಸ್ಕೂಲ್ ದೃಢೀಕರಿಸಿದ ಮೇಲೆಯೇ ವಿಎ ಹಣ ಬಿಡುಗಡೆ ಮಾಡುತ್ತದೆ. ಪೋಷಕರೂ ಪೂರ್ತಿ ಮೊತ್ತ ಒಂದೇ ಸಲ ಕಟ್ಟದೆ ಹಂತ ಹಂತವಾಗಿ, ಗಂಟೆಯ ಲೆಕ್ಕ ನೋಡಿ ಕಟ್ಟುವಂತೆ ಒಪ್ಪಂದ ಮಾಡಿಕೊಳ್ಳಬೇಕು.

3. ಹೆಚ್ಚುವರಿ ಗಂಟೆ ಯಾರ ತಲೆಗೆ? ಅಲ್ಲಿ ಒಪ್ಪಿತ ಪಾಠಕ್ರಮದ ಗಂಟೆ ಮೀರಿದರೆ ಖರ್ಚು ವಿದ್ಯಾರ್ಥಿಯದು. ಇಲ್ಲೂ ಅಷ್ಟೇ. ಪ್ಯಾಕೇಜ್‌ನಲ್ಲಿ ಎಷ್ಟು ಗಂಟೆ, ಮೀರಿದರೆ ಗಂಟೆಗೆ ಎಷ್ಟು, ಪರೀಕ್ಷೆಯಲ್ಲಿ ಫೇಲ್ ಆದರೆ ಮರುಶುಲ್ಕ ಎಷ್ಟು ಎಂಬುದನ್ನು ಬರಹದಲ್ಲೇ ಪಡೆಯಬೇಕು.

4. ಮೊದಲ ಹೆಜ್ಜೆ ಸಣ್ಣದಿರಲಿ. ಲೈಸೆನ್ಸ್‌ನ ಮೊದಲ ಹಂತ ಮುಗಿಸಿದವನಿಗಷ್ಟೇ ಆ ಸರ್ಕಾರ ದೊಡ್ಡ ಮೊತ್ತ ಕೊಡುತ್ತದೆ. ಡಿಜಿಸಿಎ ಥಿಯರಿ ಪರೀಕ್ಷೆಗಳನ್ನು ಇಲ್ಲೇ ಬರೆದು, ಪಾಸಾದ ಮೇಲೆ ಹಾರಾಟಕ್ಕೆ ದುಡ್ಡು ಹಾಕಿದರೆ ಮಗ ಅಥವಾ ಮಗಳ ಆಸಕ್ತಿ ಎಷ್ಟು ಗಟ್ಟಿ ಅನ್ನೋದು ಕಡಿಮೆ ಖರ್ಚಿನಲ್ಲೇ ತಿಳಿಯುತ್ತದೆ.

ಏಜೆಂಟ್ ಯಾರಾದರೂ ‘ಜಿಐ ಬಿಲ್ ಸ್ಕೂಲ್, ಅದಕ್ಕೇ ಫೀಸ್ ಕಡಿಮೆ’ ಅಂದರೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಅಭ್ಯರ್ಥಿಯ ಮನೆಯಲ್ಲಿ ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿದವರು ಯಾರಿದ್ದಾರೆ? ಯಾರೂ ಇಲ್ಲ ಅಂದಮೇಲೆ ಆ ಮಾತಿಗೂ ಅಲ್ಲಿ ಕಟ್ಟುವ ಫೀಸ್‌ಗೂ ಸಂಬಂಧವಿಲ್ಲ.