ಮೀನಿನ ಊಟದ ಲೆಕ್ಕ ಹಾಕಿದ ಹಾಲ್ವರ್

ಸುವರ್ಣ ಮಹೋತ್ಸವ ಸಂಚಿಕೆಗೆ ಕಂಪ್ಯೂಟರ್ ಬಗ್ಗೆ ಬರೆಯಬೇಕೆಂದು ಕೆಲವರ ಅಪೇಕ್ಷೆಯಿತ್ತು. ಅದು ಈಗ ಎಲ್ಲರ ಜೇಬಿನಲ್ಲೂ ಇರುವ ವಸ್ತು. ನಮ್ಮೂರಿನಲ್ಲಿ ಈಚೆಗೆ ಕೃಷಿಹೊಂಡಕ್ಕೆ ಕಾಟ್ಲಾ, ರೋಹು ಮರಿ ಬಿಡುವವರು ಹೆಚ್ಚಾಗಿದ್ದಾರೆ, ಅವರಲ್ಲಿ ನನ್ನ ಸಹಪಾಠಿಗಳೂ ಇದ್ದಾರೆ. ಅವರು ತೌಡು, ಕಡಲೆಕಾಯಿ ಹಿಂಡಿ ಕಲಸಿ ಹಾಕುವುದನ್ನು ನೋಡಿ, ಮೀನಿಗೆ ನಿಜವಾಗಿ ಏನು ಬೇಕು ಎಂದು ಮೊದಲು ಲೆಕ್ಕ ಹಾಕಿದವರು ಯಾರೆಂದು ಹುಡುಕಿದೆ. ಹಾಗೆ ಸಿಕ್ಕಿದ ಹೆಸರು ಜಾನ್ ಹಾಲ್ವರ್.

ಹಾಲ್ವರ್ ಹುಟ್ಟಿದ್ದು 1922ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿದ್ದು, ಆಮೇಲೆ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆ ಹೊತ್ತಿಗೆ ಅಲ್ಲಿನ ಕೊಲಂಬಿಯಾ ನದಿಗೆ ದೊಡ್ಡ ಅಣೆಕಟ್ಟುಗಳು ಬಂದಿದ್ದವು. ಸಮುದ್ರದಿಂದ ನದಿಗೆ ಏರಿ ಬಂದು ಮೊಟ್ಟೆಯಿಡುವ ಸಾಲ್ಮನ್ ಮೀನಿಗೆ ದಾರಿ ಕಟ್ಟಿತು. ಆ ನಷ್ಟ ತುಂಬಲು ಸರ್ಕಾರವೇ ಮರಿ ಸಾಕುವ ಕೇಂದ್ರಗಳನ್ನು ನಡೆಸುತ್ತಿತ್ತು. ಮರಿಗಳಿಗೆ ಹಾಕುತ್ತಿದ್ದದ್ದು ಕಸಾಯಿಖಾನೆಯಲ್ಲಿ ಉಳಿದ ಈಲಿ ಮತ್ತಿತರ ಮಾಂಸ. ಒಮ್ಮೆ ಮರಿ ಚೆನ್ನಾಗಿ ಬೆಳೆಯುತ್ತಿತ್ತು, ಇನ್ನೊಮ್ಮೆ ತೊಟ್ಟಿಗೆ ತೊಟ್ಟಿಯೇ ಸಾಯುತ್ತಿತ್ತು. ಕಾರಣ ಹೇಳುವವರಿರಲಿಲ್ಲ.

ಕುಕ್ ಎಂಬ ಸಣ್ಣ ಊರಿನ ಪ್ರಯೋಗಾಲಯದಲ್ಲಿ ಹಾಲ್ವರ್ ಮಾಡಿದ್ದು ಕೇಳಲು ಸುಲಭ. ಹಾಲಿನಿಂದ ತೆಗೆದ ಕೇಸೀನ್, ಜೆಲಟಿನ್, ಎಣ್ಣೆ, ಖನಿಜ, ವಿಟಮಿನ್ ಇವನ್ನೆಲ್ಲ ಬೇರೆಬೇರೆಯಾಗಿ ತೂಗಿ ಸೇರಿಸಿ, ಒಳಗೆ ಏನಿದೆ ಎಂದು ಪೂರ್ತಿ ಗೊತ್ತಿರುವ ಆಹಾರ ತಯಾರಿಸಿದರು. ಆಮೇಲೆ ಒಂದೊಂದು ತೊಟ್ಟಿಗೆ ಒಂದೊಂದೇ ವಿಟಮಿನ್ ತಪ್ಪಿಸಿದರು. ಥಯಾಮಿನ್ ಇಲ್ಲದ ಮೀನು ಸಮತೋಲ ತಪ್ಪಿ ಸೆಟೆಯಿತು. ಪ್ಯಾಂಟೊಥೆನಿಕ್ ಆಮ್ಲ ಇಲ್ಲದ್ದರ ಕಿವಿರು ದಪ್ಪಗಟ್ಟಿ ಅಂಟಿಕೊಂಡಿತು. ಪ್ರೋಗ್ರಾಂ ಎಲ್ಲಿ ಕೆಡುತ್ತದೆಂದು ತಿಳಿಯಲು ನಾವೂ ಒಂದೊಂದೇ ಸಾಲು ತೆಗೆದು ನೋಡುತ್ತೇವೆ. ನಮಗೆ ಉತ್ತರ ನಿಮಿಷದಲ್ಲಿ ಬರುತ್ತದೆ, ಅವರು ವಾರಗಟ್ಟಲೆ ಮೀನು ತೂಗುತ್ತ ಕಾಯಬೇಕಿತ್ತು. ಚಿನೂಕ್ ಸಾಲ್ಮನ್‌ಗೆ ಬೇಕಾದ ನೀರಿನಲ್ಲಿ ಕರಗುವ ವಿಟಮಿನ್‌ಗಳ ಪಟ್ಟಿ 1957ರಲ್ಲಿ ಪ್ರಕಟವಾಯಿತು. ಅದೇ ಕ್ರಮದಲ್ಲಿ, ಹೊರಗಿನಿಂದಲೇ ಸಿಗಬೇಕಾದ ಅಮೈನೋ ಆಮ್ಲಗಳು 10 ಎಂದೂ ತೋರಿಸಿದರು.

ನನಗೆ ಹೆಚ್ಚು ಹಿಡಿಸಿದ್ದು 1958ರ ಕೆಲಸ. ಸುಮಾರು 8 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸಾಲ್ಮನ್ ಮರಿಗೆ ಆಹಾರದಲ್ಲಿ ಶೇ. 40 ಪ್ರೋಟೀನ್ ಸಾಕಾದರೆ, 14 ಡಿಗ್ರಿಯ ಆಸುಪಾಸಿನಲ್ಲಿ ಶೇ. 55 ಬೇಕಾಯಿತು. ಮೀನು ಅದೇ, ನೀರು ಬೆಚ್ಚಗಾದ ಮಾತ್ರಕ್ಕೆ ಊಟದ ಲೆಕ್ಕ ಬದಲಾಯಿತು. ಈ ಕೆಲಸದಲ್ಲಿ ಜೊತೆಗಿದ್ದ ಎಡ್ವಿನ್ ಮರ್ಟ್ಸ್, ಮುಂದೆ ಲೈಸಿನ್ ಹೆಚ್ಚಿರುವ ಮೆಕ್ಕೆಜೋಳವನ್ನು ಗುರುತಿಸಿದವರಲ್ಲಿ ಒಬ್ಬರು. 1969ರಲ್ಲಿ ಹಾಲ್ವರ್ ಮತ್ತು ಸಂಗಡಿಗರು ವಿಟಮಿನ್ 'ಸಿ' ಇಲ್ಲದ ಮೀನಿನ ಬೆನ್ನುಮೂಳೆ ಡೊಂಕಾಗುವುದನ್ನು ವಿವರಿಸಿದರು. ಅವರು ತೀರಿಕೊಂಡದ್ದು 2012ರಲ್ಲಿ.

ನಮ್ಮೂರಿಗೆ ನೇರವಾಗಿ ತಟ್ಟುವ ಸಂಗತಿ ಇನ್ನೊಂದಿದೆ. 1960ರ ಸುಮಾರಿಗೆ ಅಮೆರಿಕದ ಕೇಂದ್ರಗಳಲ್ಲಿ ಟ್ರೌಟ್ ಮೀನುಗಳಿಗೆ ಈಲಿಯ ಕ್ಯಾನ್ಸರ್ ಸಾಂಕ್ರಾಮಿಕದಂತೆ ಕಾಣಿಸಿತು. ರೋಗಾಣು ಹುಡುಕಿದರೆ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಆಹಾರದಲ್ಲಿದ್ದ ಹತ್ತಿಬೀಜದ ಹಿಂಡಿ, ಅದಕ್ಕೆ ಹಿಡಿದಿದ್ದ ಬೂಷ್ಟು, ಆ ಬೂಷ್ಟಿನಿಂದ ಬಂದ ಅಫ್ಲಾಟಾಕ್ಸಿನ್ ಎಂಬ ವಿಷ. ಇದನ್ನು ಪರೀಕ್ಷೆ ಮಾಡಿ ಸಾಬೀತುಪಡಿಸಿದವರಲ್ಲಿ ಹಾಲ್ವರ್ ಕೂಡ ಇದ್ದರು. ಅದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಿದ್ದವು.

ನಮ್ಮ ಗೆಂಡೆ ಜಾತಿಯ ಮೀನುಗಳು ಟ್ರೌಟ್‌ನಷ್ಟು ಸೂಕ್ಷ್ಮವಲ್ಲ, ನಿಜ. ಆದರೂ ಮಳೆಗಾಲದಲ್ಲಿ ತೇವ ತಗುಲಿ ಹಸಿರು ಬೂಷ್ಟು ಬಂದ ಹಿಂಡಿಯನ್ನು "ದನಕ್ಕೆ ಬ್ಯಾಡ, ಹೊಂಡಕ್ಕೆ ಹಾಕು" ಎನ್ನುವುದನ್ನು ನಾನೇ ಕೇಳಿದ್ದೇನೆ. ಕುದಿಸಿದರೂ ಈ ವಿಷ ಹೋಗುವುದಿಲ್ಲ. ದನ ತಿಂದರೆ ಹಾಲಿಗೂ ಇಳಿಯುತ್ತದೆ. ಹಿಂಡಿ ಮೂಟೆಯನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಟ್ಟು, ಬೇಕಾದಷ್ಟನ್ನೇ ತಂದುಕೊಳ್ಳುವುದು ಒಳ್ಳೆಯದು. ಬೂಷ್ಟು ಬಂದದ್ದನ್ನು ಹೊಂಡಕ್ಕೂ ಬೇಡ, ಕೊಟ್ಟಿಗೆಗೂ ಬೇಡ, ಗುಂಡಿ ತೋಡಿ ಮುಚ್ಚಿಬಿಡಿ.