ಬೆನ್ನುಮೂಳೆಯ ಒತ್ತಡ ಬಿರುಕು (ಕ್ರಿಕೆಟ್)

ವೇಗದ ಬೌಲರ್‌ಗಳ ಸೊಂಟದ ಭಾಗದ ಕಶೇರುಗಳಲ್ಲಿ, ಪದೇ ಪದೇ ಬೀಳುವ ಒತ್ತಡದಿಂದ ಉಂಟಾಗುವ ಬಿರುಕು. ಚೆಂಡೆಸೆಯುವಾಗ ಬೆನ್ನು ಏಕಕಾಲಕ್ಕೆ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಬಲಗೈ ಬೌಲರ್‌ಗೆ ಪೆಟ್ಟು ಸಾಮಾನ್ಯವಾಗಿ ಎಡಬದಿಗೆ. ಮೂಳೆ ಇನ್ನೂ ಬಲಿಯದ ಹರೆಯದವರಿಗೆ, ಬಿಡುವಿನ ನಂತರ ಒಮ್ಮೆಲೇ ಹೆಚ್ಚು ಓವರ್ ಹಾಕುವವರಿಗೆ ಅಪಾಯ ಹೆಚ್ಚು. ಬಿರುಕಿಗೆ ಮೊದಲೇ ಎಂಆರ್‌ಐನಲ್ಲಿ ಮೂಳೆಯೊಳಗಿನ ಊತ ಕಾಣುವುದುಂಟು. ಮುಖ್ಯ ಚಿಕಿತ್ಸೆ ತಿಂಗಳುಗಟ್ಟಲೆ ಬೌಲಿಂಗ್ ಬಿಡುವುದು. ಆಟಗಾರರಿಗೆ ಒಗ್ಗದ್ದೂ ಇದೇ. 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಈ ಗಾಯಕ್ಕೆ ತುತ್ತಾದ ಆಸ್ಟ್ರೇಲಿಯಾದ ಡೆನ್ನಿಸ್ ಲಿಲ್ಲಿ 1974–75ರ ಆಷಸ್ ಸರಣಿಯಲ್ಲಿ ಮರಳಿ ಮಿಂಚಿದರು. 2023ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದ ಭಾರತದ ವೇಗಿ ಜಸ್‌ಪ್ರೀತ್ ಬೂಮ್ರಾ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಸಿಕೊಂಡು, ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧ ನಾಯಕರಾಗಿಯೇ ಕಣಕ್ಕಿಳಿದರು.